ಬಾತುಕೋಳಿಯ ಐದು ತುಂಡು

ಹಲಗೆಯ ಬಾತುಕೋಳಿಯ ಕತ್ತು ಕೊಯ್ದರೆ ಅದು ಹಿಂಸೆಯೋ ಅಲ್ಲವೋ? ಹಿಂಸೆಯೇ ಎಂದಾದರೆ, ಕೊಯ್ಯುವ ಮೊದಲು ಅದನ್ನು ಪೆನ್ಸಿಲಿನಿಂದ ಬರೆದವರ ಪಾಲೆಷ್ಟು, ಬರೆಯಲು ಪುಸ್ತಕ ತಂದುಕೊಟ್ಟವನ ಪಾಲೆಷ್ಟು? ಎಂ.ಎ. ಮಾಡಿದವನಿಗೆ ಇಂಥ ಪ್ರಶ್ನೆಗಳು ಬೇಗ ಬರುತ್ತವೆ. ಉತ್ತರಗಳು ಬರುವಷ್ಟರಲ್ಲಿ ಮೀಟಿಂಗು ಮುಗಿದಿರುತ್ತದೆ. ಹುಕ್ಕೇರಿಯ ಶಾಲೆಯೊಂದರ ಆಫೀಸಿನಲ್ಲಿ ತೊಡೆಯ ಮೇಲೆ ಚೀಲ ಇಟ್ಟುಕೊಂಡು ಕೂತಿದ್ದ ಅಭಿನಂದನ ಮಾಸ್ತರ ಇನ್ನೂ ಮೊದಲ ಪ್ರಶ್ನೆಯಲ್ಲೇ ಇದ್ದ. ತಂದ ಪುಸ್ತಕಗಳು ಆಗಲೇ ಮೇಜಿನ ಮೇಲಕ್ಕೆ ಹೋಗಿದ್ದವು. ಚೀಲದ ತಳದಲ್ಲಿ, ಕರವಸ್ತ್ರದ ಗಂಟಿನೊಳಗೆ, ಬಾತುಕೋಳಿ ಇತ್ತು. ಐದು ತುಂಡಾಗಿ.

ಬಡಿಗತನದ ಹುಚ್ಚು ಆ ಶಾಲೆಗೆ ಬಂದದ್ದು ತೊಂಬತ್ತೆಂಟರ ಬೇಸಿಗೆಯಲ್ಲಿ, ಕೊಲ್ಲಾಪುರದ ಕಡೆಯಿಂದ. ಆಡಳಿತ ಮಂಡಳಿಯ ಅಧ್ಯಕ್ಷ ನೇಮಣ್ಣನವರು ಸಂಕೇಶ್ವರದ ಬೆಲ್ಲದ ವ್ಯಾಪಾರಿ. ಕೊಲ್ಲಾಪುರದ ಯಾವುದೋ ದೊಡ್ಡ ಶಾಲೆಯಲ್ಲಿ ಮಕ್ಕಳು ಸುತ್ತಿಗೆ ಹಿಡಿದದ್ದನ್ನು ಅವರು ಕಣ್ಣಾರೆ ಕಂಡು ಬಂದಿದ್ದರು. ಅಲ್ಲಿಯತನಕ ಸುತ್ತಿಗೆ ಹಿಡಿದ ಮಕ್ಕಳನ್ನು ಕಂಡರೆ ಪಾಪ ಎನ್ನುತ್ತಿದ್ದವರು, ಅದಕ್ಕೆ ಇಂಗ್ಲಿಷಿನಲ್ಲೊಂದು ಹೆಸರಿದೆ ಎಂದು ತಿಳಿದ ಮೇಲೆ ನಮ್ಮ ಮಕ್ಕಳೂ ಹಿಡಿಯಲೇಬೇಕೆಂದು ಹಟ ಹಿಡಿದರು. ಪುಸ್ತಕ ಆರಿಸುವುದು, ಮಕ್ಕಳು ಮೊದಲು ಏನು ಮಾಡಬೇಕೆಂದು ಸೂಚಿಸುವುದು ಇತಿಹಾಸ ಕಲಿಸುವ ಅಭಿನಂದನನ ಪಾಲಿಗೆ ಬಂತು. ಯಾಕೆಂದರೆ ಅವನು ಯಾವ ಕೆಲಸಕ್ಕೂ ಆಗುವುದಿಲ್ಲ ಎಂದವನಲ್ಲ. ಆಗುತ್ತದೆ ಎಂದವನೂ ಅಲ್ಲ. ಸುಮ್ಮನಿರುತ್ತಿದ್ದ. ಶಾಲೆಯವರು ಅದನ್ನು ಹೂಂ ಎಂದು ಬರೆದುಕೊಳ್ಳುತ್ತಿದ್ದರು.

ಗೋಕಾಕದ ಹಳೆ ಪುಸ್ತಕದ ಅಂಗಡಿಯಲ್ಲಿ ಮೂರು ಸಿಕ್ಕವು. ಒಂದು, ಹಿಮದ ಮೇಲೆ ಜಾರುವ ಗಾಡಿ ಮಾಡುವುದನ್ನು ಮಕ್ಕಳಿಗೆ ಕಲಿಸುತ್ತಿತ್ತು. ಹುಕ್ಕೇರಿಯ ಏಪ್ರಿಲ್ ಬಿಸಿಲಿಗೆ ಅದಕ್ಕಿಂತ ಉಪಯೋಗದ ವಸ್ತು ಇನ್ನೊಂದಿರಲಿಲ್ಲ. ಅಪ್ಪನ ಹುಟ್ಟುಹಬ್ಬಕ್ಕೆ ಕೊಡಲೆಂದು ವೈನ್ ಬಾಟಲಿ ಇಡುವ ಸ್ಟ್ಯಾಂಡೂ ಅದರಲ್ಲಿತ್ತು. ಎರಡನೆಯದಾದ ಮರಾಠಿ ಪುಸ್ತಕ ಶ್ರಮದ ಮಹತ್ವ ಹೇಳುತ್ತ ಹೇಳುತ್ತ ಮುಗಿದೇ ಹೋಗಿತ್ತು, ಮೊಳೆಯ ಸುದ್ದಿಗೇ ಹೋಗಿರಲಿಲ್ಲ. ಮೂರನೆಯದರಲ್ಲಿ ಬಾತುಕೋಳಿ ಇತ್ತು. ತೆಳು ಪ್ಲೈವುಡ್ಡಿನ ಮೇಲೆ ಅದರ ಚಿತ್ರ ಬರೆದು, ಸಣ್ಣ ಗರಗಸದಿಂದ ಐದು ತುಂಡು ಮಾಡಿ, ಮತ್ತೆ ಜೋಡಿಸಿ ಆಡುವ ಆಟಿಕೆ.

ಅದು ಮಕ್ಕಳ ಕೈಗೆ ಬಗ್ಗುತ್ತದೋ ಇಲ್ಲವೋ ನೋಡಲು ಅವನು ಮಗಳು ತ್ರಿಶಲಾಳ ಕೈಗೆ ಗರಗಸ ಕೊಟ್ಟ. ಅದೇ ಶಾಲೆಯ ಐದನೆಯ ಇಯತ್ತೆಯ ಆ ಹುಡುಗಿಯನ್ನು ಯಾವ ಮಾಸ್ತರರೂ ಹೊಗಳಿದ್ದು ಇಲ್ಲ. ಒಂದು ಸಾಲು ಬರೆಯುವಷ್ಟರಲ್ಲಿ ಎರಡು ಸಲ ಎದ್ದುಹೋಗುವವಳು ಅಂದು ಇಡೀ ಮಧ್ಯಾಹ್ನ ಅಲುಗಾಡದೆ ಕೂತಳು. ಏನು ಯೋಚನೆ ಮಾಡುತ್ತಿದ್ದೀ ಎಂದು ಕೇಳಿದ.

"ಸುಮ್ನಿರು ಪಪ್ಪಾ, ಗೆರಿ ತಪ್ತೈತಿ."

ಗೆರೆ ಎಲ್ಲೂ ತಪ್ಪಲಿಲ್ಲ. ತುಂಡುಗಳು ಒಂದರೊಳಗೊಂದು ಸದ್ದಿಲ್ಲದೆ ಕೂತವು. ಮೀಟಿಂಗಿನ ದಿನ ಅವಳೇ ಅವನ್ನು ಕರವಸ್ತ್ರದಲ್ಲಿ ಹಾಕಿ, ಬಿಗಿಯಾಗಿ ಗಂಟು ಕಟ್ಟಿ, ಚೀಲಕ್ಕಿಟ್ಟಳು.

"ಎಲ್ಲಾರಿಗೂ ತೋರ್ಸು. ನಾ ಮಾಡೇನಿ ಅಂತ ಹೇಳು."

ಮೀಟಿಂಗಿನಲ್ಲಿ ನೇಮಣ್ಣನವರು ಪುಟ ತಿರುಗಿಸುತ್ತ ಬಾತುಕೋಳಿಯ ಪುಟಕ್ಕೆ ಬಂದು ನಿಂತರು. ಕತ್ತಿನ ಮೇಲೆ ಚುಕ್ಕೆಚುಕ್ಕೆಯ ಗೆರೆ, ಪಕ್ಕದಲ್ಲಿ ಗರಗಸದ ಚಿತ್ರ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮಾಸ್ತರ, ಗೌರಿ ಹುಣ್ಣಿಮಿ ಸಕ್ಕರಿ ಆರತ್ಯಾಗ ಆನಿ, ಕುದರಿ ಇರತಾವಲ್ಲ, ನಿಮ್ಮ ಮನ್ಯಾಗ ಅವನ್ನ ಯಾರ ತಿಂತಾರು?"

ಯಾರೂ ತಿನ್ನುವುದಿಲ್ಲ ಎಂದು ಅವನು ಒಪ್ಪಿಕೊಂಡ. ಊರಿನ ಜೈನರ ಮನೆಗಳಲ್ಲಿ ಸಕ್ಕರೆಯದಾದರೂ ಪ್ರಾಣಿಯ ಆಕಾರವನ್ನು ಹಲ್ಲಿನಿಂದ ಕಚ್ಚುತ್ತಿರಲಿಲ್ಲ. ಅವನ ತಾಯಿ ತಾರಾಬಾಯಿ ಗೋಪುರವನ್ನಷ್ಟೇ ಮಕ್ಕಳಿಗೆ ಇಟ್ಟುಕೊಂಡು, ಆನೆ ಕುದುರೆಗಳನ್ನೆಲ್ಲ ಬಾಜೂ ಮನೆಗೆ ದಾಟಿಸುತ್ತಿದ್ದಳು. ಬಾಜೂ ಮನೆಯ ದುಂಡಪ್ಪ ಈಗ ಅದೇ ಶಾಲೆಯ ಚಿತ್ರಕಲಾ ಮಾಸ್ತರನಾಗಿ ಮೀಟಿಂಗಿನಲ್ಲೇ ಇದ್ದ.

"ಅವನ್ನೆಲ್ಲಾ ನಾನ ತಿಂದೇನ್ರಿ," ಅಂದ ದುಂಡಪ್ಪ. "ತಾರಾಬಾಯಾರ ಅಹಿಂಸಾದಾಗ ನನ್ನ ಹಲ್ಲು ಹ್ವಾದೂ."

ನೇಮಣ್ಣನವರು ನಗಲಿಲ್ಲ. "ಕಟಿಗಿದಾದ್ರೇನ್ರಿ? ಕೊಯ್ಯು ಮುಂದ ಹುಡುಗೂರ ಮನಸ್ಸಿನ್ಯಾಗ ಬದಕನ ಇರತೈತಿ. ಪಾಪ ಇರೂದ ಅಲ್ಲೆ."

ಬದಕ, ಅಂದರೆ ಬಾತುಕೋಳಿ, ಬೇಡವೆಂದರೆ ಹಲಗೆಯ ಗಜ್ಜರಿ ಕೊಯ್ಯೋಣ ಎಂದು ದುಂಡಪ್ಪ ಸೂಚಿಸಿದ. ಗಜ್ಜರಿ ನೆಲದೊಳಗಿನ ಗಡ್ಡೆ, ಜೈನರಾದ ನಮ್ಮವರಿಗೆ ನಡೆಯುವುದಿಲ್ಲ ಎಂದು ಅದೂ ಹೋಯಿತು. ಸೌತೆಕಾಯಿಯ ಮೇಲೆ ಗಂಭೀರವಾದ ಚರ್ಚೆ ನಡೆದು, ಬೇಸಿಗೆ ವರ್ಗದ ಕೊನೆಗೆ ಇಡುವ ಪ್ರದರ್ಶನಕ್ಕೆ ಬಂದ ದೊಡ್ಡ ಮಂದಿಗೆ ಶಾಲೆಯವರು ಸೌತೆಕಾಯಿ ತೋರಿಸಿದರೆ ಚೆನ್ನಾಗಿರುವುದಿಲ್ಲ ಎಂದಾಯಿತು. ಕೊನೆಗೆ ನೇಮಣ್ಣನವರಿಗೇ ಹೊಳೆಯಿತು: ಠವಣೆಕೋಲು. ಬಸದಿಯಲ್ಲಿ ಶಾಸ್ತ್ರಗ್ರಂಥ ಇಟ್ಟು ಓದುವ, ಕತ್ತರಿಯಂತೆ ಬಿಚ್ಚಿ ಮಡಚುವ ಪೀಠ. ಒಂದೇ ಹಲಗೆಯಲ್ಲಿ ಅದನ್ನು ಕೆತ್ತಿ ಬಿಡಿಸಲು ನುರಿತ ಬಡಿಗನೂ ಬೆವರುತ್ತಾನೆ. ಹೊಸದಾಗಿ ಕಲಿಯುವ ಮಕ್ಕಳಿಗೆ ಹೇಳಿ ಮಾಡಿಸಿದಂತಿತ್ತು. ಆದ್ದರಿಂದ ಅದನ್ನು ಮೂಡಲಗಿಯ ಬಡಿಗನ ಕಡೆ ಮಾಡಿಸಿ ತರುವುದು, ಮಕ್ಕಳು ಉಜ್ಜುಕಾಗದದಿಂದ ಉಜ್ಜುವುದು ಎಂದು ಠರಾವಾಯಿತು. ಹೀಗೆ ಗರಗಸ, ಸುತ್ತಿಗೆ, ಮೊಳೆ ಯಾವುದೂ ಬೇಡದ ಬಡಿಗತನವನ್ನು ಹುಕ್ಕೇರಿ ಕಂಡುಹಿಡಿಯಿತು.

"ಏನಂತೀರಿ ಮಾಸ್ತರ?" ಎಂದು ನೇಮಣ್ಣನವರು ಏಳುವ ಮೊದಲು ಕೇಳಿದರು. "ನಮ್ಮ ಮನಿ ಹುಡುಗೂರ ಕೈ ಬದಕ ಕೊಯ್ಯಾಕ ಏಳತಾವೇನು?"

ಅಭಿನಂದನನ ಕೈ ಆಗ ಚೀಲದೊಳಗಿತ್ತು. ಗಂಟು ಬೆರಳಿಗೆ ಸಿಕ್ಕಿತ್ತು. ಜೀವನದಲ್ಲಿ ಮೊದಲ ಸಲ ಅವನ ಹತ್ತಿರ ಮೀಟಿಂಗು ಮುಗಿಯುವ ಮೊದಲೇ ಉತ್ತರ ಇತ್ತು. ದುಂಡಪ್ಪ ಅವನ ಮುಖವನ್ನೇ ನೋಡುತ್ತಿದ್ದ. ಹೊರಗೆ ಯಾರೋ ಗಂಟೆ ಬಾರಿಸಿದರು. ನೇಮಣ್ಣನವರು ತೃಪ್ತರಾಗಿ ತಲೆದೂಗಿ, ಎಲ್ಲರ ಒಪ್ಪಿಗೆಯಿಂದ ಎಂದು ಬರೆಸಿದರು.

ಮನೆಯಲ್ಲಿ ತ್ರಿಶಲಾ ಬಾಗಿಲಿಗೇ ಬಂದು ಚೀಲ ಇಸಿದುಕೊಂಡಳು. ಕರವಸ್ತ್ರ ತೆಗೆದಳು. ತಾನು ಕಟ್ಟಿದ ಗಂಟು ಕಟ್ಟಿದ ಹಾಗೆಯೇ ಇತ್ತು. ಅದನ್ನೊಮ್ಮೆ ನೋಡಿ, ಅಪ್ಪನ ಮುಖ ನೋಡಿ, ಏನೂ ಕೇಳದೆ ಒಳಗೆ ಹೋದಳು. ಸುಮ್ಮನಿರುವುದು ಅವಳಿಗೂ ಬರುತ್ತದೆ ಎಂದು ಅವನಿಗೆ ಅವತ್ತೇ ತಿಳಿದದ್ದು.

ಬೇಸಿಗೆ ವರ್ಗ ಬಹಳ ಚೆನ್ನಾಗಿ ನಡೆಯಿತು. ಮಕ್ಕಳು ಉಜ್ಜಿದರು. ಪ್ರದರ್ಶನದಲ್ಲಿ ನೇಮಣ್ಣನವರು ತ್ರಿಶಲಾಳ ಪಾಲಿನ ಠವಣೆಕೋಲನ್ನು ಎತ್ತಿ, ಬೆರಳಾಡಿಸಿ, ಈ ಹುಡುಗಿಯ ಕೈ ಪಳಗಿದ ಕೈ, ಎಲ್ಲಿ ಕಲಿತಳು ಎಂದು ಕೇಳಿದರು. ಅವಳು ಅಪ್ಪನ ಕಡೆ ನೋಡಿದಳು.

ಬಾತುಕೋಳಿಯನ್ನು ಕೊಯ್ದವಳು ತನ್ನ ಮಗಳು, ಕೊಯ್ಯುವಾಗ ಅವಳ ಮನಸ್ಸಿನಲ್ಲಿ ಇದ್ದದ್ದು ಪೆನ್ಸಿಲಿನ ಗೆರೆ ಮಾತ್ರ ಎಂದು ಅಭಿನಂದನ ಆಗಲೂ ಹೇಳಲಿಲ್ಲ, ಆಮೇಲೆಯೂ ಹೇಳಲಿಲ್ಲ.