ನೀರಿಗಿಳಿಯದ ವಾಚು

ನರ್ಸ್ ಕೆಲಸದಿಂದ ನಿವೃತ್ತಳಾದ ಮೇಲೆ ಅಮ್ಮ ಈಜು ಕಲಿತಳು. ಆ ಖುಷಿಗೆ ಮಗಳು ಅವಳನ್ನು ವಾಚಿನ ಅಂಗಡಿಗೆ ಕರೆದೊಯ್ದಳು. ಅಮ್ಮನ ಕಣ್ಣು ತೆಳ್ಳನೆಯ ವಾಚೊಂದಕ್ಕೆ ಅಂಟಿಕೊಂಡಿತು. ಅದರ ಹಿಂಬದಿಯಲ್ಲಿ ‘ನೀರು ನಿರೋಧಕ, ಮೂವತ್ತು ಮೀಟರ್’ ಎಂದಿತ್ತು.

“ನಾನು ಈಜೋದೇ ಎದೆಮಟ್ಟದ ನೀರಲ್ಲಿ. ಇದು ಧಾರಾಳವಾಗಿ ಸಾಕು,” ಎಂದಳು ಅಮ್ಮ.

ಅಂಗಡಿಯವನು ಒಪ್ಪಲಿಲ್ಲ. “ಅದು ನಿಂತ ನೀರಿನ ಒತ್ತಡದ ಲೆಕ್ಕ, ಅಮ್ಮಾ. ಕೈ ತೊಳೆಯುವಾಗ ನೀರು ಸಿಡಿದ್ರೆ ತಡ್ಕೊಳ್ಳುತ್ತೆ, ಅಷ್ಟೇ. ಈಜೋಕೆ ನೂರು ಮೀಟರಿಂದು ತಗೊಳ್ಳಿ.”

ಅವನು ತೊಡಿಸಿದ ನೂರು ಮೀಟರಿನ ದಪ್ಪ ವಾಚು ಅಮ್ಮನ ಸಣ್ಣ ಮಣಿಕಟ್ಟಿನ ಮೇಲೆ ಡಬ್ಬಿಯ ಮುಚ್ಚಳದಂತೆ ಕೂತಿತು. ಮಗಳು ನಗು ತಡೆಯಲಾರದೆ ಆಚೆ ತಿರುಗಿದಳು.

“ತೆಳ್ಳಗಿರೋದನ್ನೇ ಕೊಡಪ್ಪ,” ಎಂದಳು ಅಮ್ಮ. “ನೀರಿಗಿಳಿಯುವಾಗ ಬಿಚ್ಚಿಡ್ತೀನಿ. ಇಷ್ಟು ವರ್ಷ ವಾರ್ಡಿನಲ್ಲಿ ಗಡಿಯಾರ ನೋಡ್ಕೊಂಡೇ ಓಡಿದ್ದಾಯ್ತು. ನೀರಲ್ಲಾದ್ರೂ ಹೊತ್ತಿನ ಗೊಡವೆ ಬೇಡ.”

ಮಗಳು ಅದನ್ನೇ ಅಮ್ಮನ ಕೈಗೆ ಕಟ್ಟಿದಳು.