ಮದುವೆಯ ಸೀರೆ, ಮಣ್ಣಿನ ಸೀರೆ

ದುಃಖ ಹೇಳಿಕೊಳ್ಳಲು ಹೊರಟವರು ಜರಿಯಂಚಿನ ಹಸಿರು ರೇಷ್ಮೆ ಉಟ್ಟು, ಹೆರಳಿಗೆ ಮಲ್ಲಿಗೆ ಮುಡಿದು ಹೋಗುವುದನ್ನು ಯಾರಾದರೂ ಕಂಡಿದ್ದಾರೆಯೇ? ಶಹಾಬಾದಿನ ಶರಣಬಸಮ್ಮನವರು ಹೋಗುತ್ತಿದ್ದರು. ಬಲಗಾಲು ತುಸು ಎಳೆಯುತ್ತ, ಸೆರಗನ್ನು ಎರಡೂ ಭುಜ ಮುಚ್ಚುವಂತೆ ಹೊದ್ದು, ವಾಡಿ ಊರಿನ ಮೇಲೆ ಹಾದುಹೋಗುವ ಬಸ್ಸು ಹಿಡಿದು, ಚಿತ್ತಾಪುರದ ಆಪ್ತಸಮಾಲೋಚಕಿ ಐಶ್ವರ್ಯಳ ಕೋಣೆಯಲ್ಲಿ ಕೂತು, "ಎದಿಮ್ಯಾಲ ಪರಸಿಕಲ್ಲು ಹೇರಿದಂಗ ಆಗ್ತದವ್ವಾ" ಎನ್ನುವರು. ಕೆದಕಿ ಕೇಳಿದರೆ "ಇರ್ಲಿ ಬಿಡವ್ವಾ" ಎಂದು ಮಾತಿಗೆ ಬೀಗ ಹಾಕುವರು.

ಮಗಳು ಭಾಗ್ಯಶ್ರೀ ತೀರಿಕೊಂಡ ಮೇಲೆ ಮನೆಯಲ್ಲಿ ಆ ಹೆಸರೆತ್ತುವಂತಿರಲಿಲ್ಲ. ಅತ್ತರೆ ಹೋದವಳು ಬರುತ್ತಾಳೇನು ಎಂಬುದು ಗಂಡ ಅಶೋಕಕುಮಾರರ ಸಿದ್ಧಾಂತ. ತಲೆಯ ಡಾಕ್ಟರ ಹತ್ತಿರ ಹೋದರಂತೂ ಮನೆತನಕ್ಕೇ ಹುಚ್ಚಿನ ಹಣೆಪಟ್ಟಿ. ಹೆಂಗಸು ಒಬ್ಬಳೇ ಹೊಸ್ತಿಲು ದಾಟಲು ಅಲ್ಲಿ ಇದ್ದದ್ದು ಎರಡೇ ಕಾರಣ: ಯಾರದಾದರೂ ಮದುವೆ, ಇಲ್ಲವೇ ಸತ್ತ ಯಾರದಾದರೂ ಮಣ್ಣು. ಆದ್ದರಿಂದ ಬೇಸಿಗೆಯುದ್ದಕ್ಕೂ ಈ ತಾಯಿ ಇಲ್ಲದ ಮದುವೆಗಳನ್ನು ಹೂಡಿದರು. ಮರಳುವಾಗ ಬಸ್ ನಿಲ್ದಾಣದಲ್ಲಿ ಬುಂದಿ ಕೊಂಡು, ಮದುವೆಮನೆಯದೆಂದು ಗಂಡನಿಗೆ ಬಡಿಸಿದರು.

ಆಷಾಢ ಬಂತು. ಆಷಾಢದಲ್ಲಿ ಎಲ್ಲಿಯ ಮದುವೆ? ಶರಣಬಸಮ್ಮನವರು ದೂರದ ನೆಂಟರನ್ನು ಸಾಯಿಸತೊಡಗಿದರು. ಮಾಸಿದ ನೂಲಿನ ಸೀರೆ, ಹೂವಿಲ್ಲದ ಹೆರಳು. ಮನೆಗೆ ಬಂದೊಡನೆ, ಹೆಣ ನೋಡಿ ಬಂದವರಂತೆ, ಹಿತ್ತಲಲ್ಲಿ ತಣ್ಣೀರಿನ ತಲೆಸ್ನಾನ. ವಿಚಿತ್ರ ನೋಡಿ, ಆ ದಿನಗಳಲ್ಲೇ ಅವರಿಗೆ ಒಂದಿಷ್ಟು ನಿದ್ದೆ ಹತ್ತಿತ್ತು, ಮಗಳ ಹೆಸರು ಬಾಯಿಗೆ ಬರತೊಡಗಿತ್ತು. ಆದರೆ ಬಂದವರ ಉಡುಗೆಯನ್ನು ಮೊದಲು ನೋಡಬೇಕೆಂದು ಕಲಿತುಬಂದಿದ್ದ ಐಶ್ವರ್ಯಳಿಗೆ ರೇಷ್ಮೆಯಲ್ಲಿ ಚೇತರಿಕೆ ಕಂಡಿತ್ತು. ಈಗ ಮಾಸಲು ಸೀರೆಯಲ್ಲಿ ಅಪಾಯ ಕಂಡಿತು. ಹಿಂಗ್ಯಾಕ ಆಗೀರಿ ಅಮ್ಮಾ ಎಂದು ಮತ್ತೆ ಮತ್ತೆ ಕೇಳಿದಳು. ಬದುಕಿದ್ದವರನ್ನು ಸಾಯಿಸಿದ ಪಾಪವನ್ನು ಆ ಹುಡುಗಿಯ ಮುಂದೆ ಯಾವ ಬಾಯಿಂದ ಹೇಳುವುದು? ಇವರು ಮತ್ತೆ "ಇರ್ಲಿ ಬಿಡವ್ವಾ" ಎಂದರು. ಅವಳು ಹೆದರಿದಳು, ಜೀವಕ್ಕೇನಾದರೂ ಮಾಡಿಕೊಂಡಾರೆಂದು, ಒಳ್ಳೆಯದಕ್ಕೆಂದೇ, ಇವರ ಗಂಡನಿಗೆ ಫೋನ್ ಮಾಡಿದಳು.

ಅಶೋಕಕುಮಾರರು ಬಯ್ಯಲಿಲ್ಲ, ಕೈಯೆತ್ತಲಿಲ್ಲ. ಊಟ ಮುಗಿಸಿ ಕೈ ತೊಳೆಯುತ್ತ, "ಇನ್ನಮ್ಯಾಲ ಮದಿವಿ ಇರ್ಲಿ, ಮಣ್ಣಿರ್ಲಿ, ನಾನೂ ಜೋಡಿ ಬರ್ತೀನಿ" ಎಂದರು. ಚಿತ್ತಾಪುರ ಅಲ್ಲಿಗೆ ಮುಗಿಯಿತು. ಬಂದಿದ್ದ ಅಷ್ಟಿಷ್ಟು ನಿದ್ದೆಯೂ ಹೋಯಿತು.

ಇಂಥ ತಾಯಂದಿರು ನಮ್ಮ ಕಡೆ ಓಣಿಗೊಬ್ಬರು ಸಿಗುತ್ತಾರೆ. ಕಂಡವರ ಸಾವಿಗೆ ಎದೆ ಬಡಿದುಕೊಂಡು ಅಳಲು ಇವರಿಗೆ ಅಪ್ಪಣೆಯುಂಟು; ಹೆತ್ತ ಕೂಸಿಗಾಗಿ ಅಳಬೇಕೆಂದರೆ ಮಾತ್ರ, ಮೊದಲು ಸುಳ್ಳಿಗಾದರೂ ಇನ್ನೊಬ್ಬರನ್ನು ಸಾಯಿಸಬೇಕಾಗುತ್ತದೆ.