ಸಹಿ ಬೀಳದ ಕಾಗದ

ಆ ಕೋಣೆಯಲ್ಲಿ ನಾಲ್ಕು ಮಂಚ, ಎಂಟು ಜನ. ಹಗಲು ಪಾಳಿಯವರು ಎದ್ದು ಹೋದ ಜಾಗದಲ್ಲಿ ರಾತ್ರಿ ಪಾಳಿಯವರು ಬಂದು ಮಲಗಬೇಕು. ಹಾಸಿಗೆಗೆ ತಣ್ಣಗಾಗಲೂ ಪುರಸೊತ್ತಿರಲಿಲ್ಲ. ಹದಿನೆಂಟು ದಿನದಿಂದ ಕಿಟಕಿ ಪಕ್ಕದ ಮಂಚ ಮಾತ್ರ ಖಾಲಿಯಾಗಿಲ್ಲ. ಕೋಣೆಯಲ್ಲಿರುವ ಅಣ್ಣ ತಮ್ಮಂದಿರಲ್ಲಿ ತಮ್ಮ ಅದರ ಮೇಲೆ ಮಲಗಿದ್ದಾನೆ. ಪೆಟ್ಟಿಗೆ ಕಾರ್ಖಾನೆಯಲ್ಲಿ ರಟ್ಟು ಕತ್ತರಿಸುವ ಯಂತ್ರ ಅವನ ಬಲಗೈ ಮೇಲೆ ಇಳಿದು ಮೂರು ಬೆರಳು ಹೋಗಿವೆ.

ಹಗಲು ಹೊತ್ತು ಆ ಮಂಚ ನಿಜಕ್ಕೂ ಗಡಿಯಾರದ್ದು. ಎಲ್ಲರನ್ನೂ ಸರಿಯಾದ ಹೊತ್ತಿಗೆ ಎಬ್ಬಿಸುವ ಹಿರಿಯನಿಗೆ ಕೋಣೆಯವರು ಇಟ್ಟ ಹೆಸರು ಅದು. ಈಗ ಅವನು ನೆಲದ ಮೇಲೆ ರಟ್ಟು ಹಾಸಿಕೊಂಡು ಮಲಗುತ್ತಾನೆ. ಯಾರೂ ಹಾಗೆ ಮಾಡು ಎಂದಿರಲಿಲ್ಲ. ಒಬ್ಬ ಬಂದು ತಮ್ಮನ ಅಂಗಿಯ ಗುಂಡಿ ಹಾಕುತ್ತಾನೆ, ಇನ್ನೊಬ್ಬ ಗಡ್ಡ ಹೆರೆಯುತ್ತಾನೆ. ಅದರ ಬಗ್ಗೆ ಮಾತೇ ಇಲ್ಲ. ಅಣ್ಣ ಇದನ್ನೆಲ್ಲ ದಿನವೂ ಬೆರಗಾಗಿ ನೋಡುತ್ತಿದ್ದ. ನೋಡಿದಷ್ಟೂ ಅವನಿಗೆ ತಲೆ ಎತ್ತಲಾಗುತ್ತಿರಲಿಲ್ಲ.

ಕೋಣೆಯ ಎಲ್ಲರಂತೆ ಅಣ್ಣನೂ ಅದೇ ಕಾರ್ಖಾನೆಯವನು. ಊರಿನಿಂದ ತಮ್ಮನನ್ನು ಕರೆತಂದು ಕೆಲಸಕ್ಕೆ ಸೇರಿಸಿದ್ದೂ ಅವನೇ. ನಿನ್ನೆ ಸೂಪರ್‌ವೈಸರ್ ಅವನನ್ನು ಪಕ್ಕಕ್ಕೆ ಕರೆದು ಒಂದು ಕಾಗದ ಕೈಗಿಟ್ಟಿದ್ದ. "ಇದಕ್ಕೆ ತಮ್ಮನ ಸಹಿ ಹಾಕಿಸ್ಕೊಂಡು ಬಾ. ಬಸ್ ಟಿಕೆಟ್ ನಾನೇ ಕೊಡಿಸ್ತೀನಿ, ಊರಿಗೆ ಹೋಗಿ ಆರಾಮಾಗಿರ್ಲಿ. ಬರೆಯೋಕಾಗಲ್ಲ ಅಂದ್ರೆ ಎಡಗೈ ಹೆಬ್ಬೆಟ್ಟು ಸಾಕು. ನಿನ್ನ ಕೆಲಸಕ್ಕೂ ತೊಂದರೆ ಆಗಬಾರದಲ್ವಾ?"

ರಜೆಯ ಮಧ್ಯಾಹ್ನ ಕಾಗದದಕ್ಕ ಬಂದಳು. ಕಾರ್ಮಿಕರ ಸಹಾಯ ಕೇಂದ್ರದವಳು. ಹಿಂದೆ ಹೊಲಿಗೆ ಯಂತ್ರದ ಮುಂದೆ ಕೂತವಳು, ಈಗ ಯಾವಾಗಲೂ ಚೀಲದ ತುಂಬ ಕಾಗದ ಹೊತ್ತು ತಿರುಗುವವಳು. ತಮ್ಮನ ಪರಿಹಾರದ ಅರ್ಜಿ ಕೊಟ್ಟಿದ್ದು ಅವಳೇ.

"ಕಾರ್ಮಿಕ ಕಚೇರಿಯವರು ವಿಚಾರಣೆಗೆ ದಿನ ಕೊಟ್ಟಿದಾರಪ್ಪ. ಇನ್ನು ಮೂರು ವಾರ," ಎಂದಳು.

ಅಣ್ಣ ಕಾಗದ ಮುಂದೆ ಚಾಚಿದ. "ಅದೆಲ್ಲ ಬೇಡ ಅಕ್ಕಾ. ಇದಕ್ಕೆ ಸಹಿ ಹಾಕಿ ಅವನು ನಾಳೆ ಊರಿಗೆ ಹೋಗ್ಲಿ. ಕಚೇರಿ ಅಂದ್ರೆ ಗೊತ್ತಲ್ಲ, ಚಪ್ಪಲಿ ಸವೀಬೇಕು."

"ಸವೆಯತ್ತೆ. ಸುಳ್ಳು ಹೇಳಲ್ಲ. ಆದ್ರೆ ಇದೇನು ಬರೆದಿದೆ ಓದಿದ್ಯಾ?" ಅವಳೇ ಓದಿದಳು: "'ನನ್ನ ಅಜಾಗರೂಕತೆಯಿಂದಲೇ ಪೆಟ್ಟಾಯಿತು. ಕಂಪನಿಯಿಂದ ನನಗೆ ಏನೂ ಬರಬೇಕಾಗಿಲ್ಲ.' ಇದಕ್ಕೆ ಹೆಬ್ಬೆಟ್ಟು ಬಿದ್ರೆ ಆಮೇಲೆ ಬಿಡಿಸ್ಕೊಳ್ಳೋದು ಬಲು ಕಷ್ಟ."

ಮಂಚದ ಮೇಲಿಂದ ತಮ್ಮ ಮೆಲ್ಲಗೆ ಹೇಳಿದ. "ತಪ್ಪು ನಂದೇ ಅಕ್ಕಾ. ಯಂತ್ರಕ್ಕೆ ಎರಡು ಗುಂಡಿ. ಎರಡೂ ಕೈಲಿ ಒತ್ತಿದ್ರೇನೇ ಕತ್ತರಿಸೋ ಅಚ್ಚು ಇಳಿಯೋದು. ಬೇಗ ಆಗ್ಲಿ ಅಂತ ನಾನು ಒಂದು ಗುಂಡಿಗೆ ರಟ್ಟಿನ ಚೂರು ತುರುಕಿದ್ದೆ. ಒಂದೇ ಕೈಲಿ ಒತ್ತಿದೆ. ಇನ್ನೊಂದು ಕೈ ಒಳಗೇ ಇತ್ತು."

"ಯಾರು ಹೇಳಿಕೊಟ್ರು ನಿಂಗೆ?"

"ಯಾರೂ ಇಲ್ಲ. ನಾನೇ."

ತಮ್ಮ ಕೆಲಸಕ್ಕೆ ಸೇರಿದ ಎರಡನೇ ದಿನ ರಟ್ಟನ್ನು ನಾಲ್ಕು ಮಡಿಕೆ ಮಾಡಿ, 'ಹಿಂಗೆ ತುರುಕು, ಕೈ ಓಡತ್ತೆ' ಎಂದು ತೋರಿಸಿದವನು ಅಣ್ಣನೇ. ಹದಿನೆಂಟು ದಿನದಲ್ಲಿ ತಮ್ಮ ಆ ಮಾತನ್ನು ಒಮ್ಮೆಯೂ ಎತ್ತಿರಲಿಲ್ಲ. ಈಗಲೂ ಅಣ್ಣನ ಕಡೆ ತಿರುಗಿ ನೋಡಲಿಲ್ಲ.



ನೆಲದ ಮೇಲೆ ಮಲಗಿದ್ದ ಗಡಿಯಾರ ಎದ್ದು ಕೂತ. "ನಾನೂ ತುರುಕ್ತೀನಿ. ಹದಿನಾಲ್ಕು ವರ್ಷದಿಂದ. ಬರ್ಕೋ ತಾಯಿ."

"ಕೆಲಸ ಹೋದ್ರೆ?" ಎಂದು ಅಣ್ಣ ಕೇಳಿದ.

"ಹೋದ್ರೆ ನಿಮ್ಮನ್ನೆಲ್ಲ ಎಬ್ಬಿಸೋ ಕೆಲಸ ಇದ್ದೇ ಇದೆಯಲ್ಲ, ಸಂಬಳ ಇಲ್ದಿದ್ರೂ!"

ಯಾರೋ ನಕ್ಕರು. ಆಮೇಲೆ ಗಡ್ಡ ಹೆರೆಯುವವನು "ನಾನೂ" ಎಂದ. ಬಾಗಿಲಲ್ಲಿ ನಿಂತವನು "ನಂದೂ ಬರೀರಿ" ಎಂದ. ಒಬ್ಬೊಬ್ಬರಾಗಿ ಎಲ್ಲರೂ. ಮೇಲಿನವರಿಗೆ ಎದುರುತ್ತರ ಕೊಟ್ಟು ಗೊತ್ತಿಲ್ಲದ ಜನ. ತಿಂಗಳ ಸಂಬಳ ತಡವಾದರೂ ಬಾಯಿ ಬಿಡದವರು. ಇವರೊಳಗೆ ಇಷ್ಟು ದೊಡ್ಡ ಧೈರ್ಯ ಇತ್ತೇ ಎಂದು ಅಣ್ಣ ಒಬ್ಬೊಬ್ಬರ ಮುಖ ನೋಡಿದ.

ಅವನ ಬಾಯಿಂದಲೂ ಮಾತು ಹೊರಬಿತ್ತು. "ಇವನಿಗೆ ಕಲಿಸಿದ್ದು ನಾನು ಅಕ್ಕಾ. ಸೂಪರ್‌ವೈಸರ್ ಅಲ್ಲೇ ನಿಂತಿದ್ದ. 'ಈಗ ಪೆಟ್ಟಿಗೆ ಲೆಕ್ಕ ಏರತ್ತೆ' ಅಂತ ಬೆನ್ನು ತಟ್ಟಿ ಹೋದ. ತಪಾಸಣೆಯವರು ಬರೋ ದಿನ ಅವನೇ ಬಂದು ರಟ್ಟಿನ ಚೂರೆಲ್ಲಾ ತೆಗೆಸ್ತಾನೆ."

"ಈ ಮಾತು ವಿಚಾರಣೆಯಲ್ಲಿ ಹೇಳ್ತೀಯಾ?"

"ಹೇಳ್ತೀನಿ."

"ತಪ್ಪು ಯಾರದು ಅಂತ ತೀರ್ಮಾನ ಮಾಡೋನು ಸೂಪರ್‌ವೈಸರ್ ಅಲ್ಲಪ್ಪ. ಅದಕ್ಕೇ ಕಚೇರಿ ಇರೋದು. ನಿಮ್ಮ ಮಾತಿಗೆ ಅಲ್ಲಿ ತೂಕ ಇದೆ," ಎಂದು ಅವಳು ಬರೆಯತೊಡಗಿದಳು.

ತಮ್ಮ ಆಗ ಅಣ್ಣನನ್ನು ನೋಡಿದ. "ಯಾಕೆ ಹೇಳಿದೆ ಅಣ್ಣ?" ಎಂದ. ಅಷ್ಟೇ. ಅಣ್ಣ ಅವನ ಕಾಲ ಬಳಿ ಕೂತ.

ಸಂಜೆ ಊರಿಗೆ ಫೋನ್ ಹೋಯಿತು. ತಮ್ಮನ ಹೆಂಡತಿ ಎಲ್ಲ ಕೇಳಿಸಿಕೊಂಡು, "ಅವಸರ ಬೇಡ ಭಾವ. ಇಲ್ಲಿ ನಾನು ನೋಡ್ಕೋತೀನಿ. ಅವರೊಬ್ಬರನ್ನೇ ಕಚೇರಿಗೆ ಕಳಿಸ್ಬೇಡಿ," ಎಂದಳು.

ಇದನ್ನು ಓದುತ್ತಿರುವ ಅಕ್ಕ ಅಣ್ಣಂದಿರೇ, ನಿಮ್ಮ ಪಕ್ಕದ ಕೋಣೆಯಲ್ಲೂ ಹೀಗೊಬ್ಬರು ಇರಬಹುದು. ಊರು ಬಿಟ್ಟು ದುಡಿಯಲು ಬಂದು, ಪೆಟ್ಟು ತಿಂದು, ತಪ್ಪೆಲ್ಲ ತನ್ನದೇ ಎಂದುಕೊಂಡು ಸುಮ್ಮನಿರುವವರು. ಪೆಟ್ಟು ಕೆಲಸದ ಜಾಗದಲ್ಲೇ ಆಯಿತೆಂದು ಆಸ್ಪತ್ರೆಯ ಚೀಟಿಯಲ್ಲಿ ಬರೆಸಿ. ಚೀಟಿಗಳನ್ನು ಜೋಪಾನವಾಗಿಡಿ. ಓದಿ ಅರ್ಥವಾಗದ ಯಾವ ಕಾಗದಕ್ಕೂ ಸಹಿಯಾಗಲಿ ಹೆಬ್ಬೆಟ್ಟಾಗಲಿ ಬೇಡ. ಹತ್ತಿರದ ಕಾರ್ಮಿಕ ಕಚೇರಿಯಲ್ಲೋ ಸಂಘದಲ್ಲೋ ಕೇಳಿ, ತಡ ಮಾಡಬೇಡಿ. ಕಣ್ಣಾರೆ ಕಂಡದ್ದಿದ್ದರೆ ಹೇಳಿ. ಪರಿಹಾರ ಬರಲು ದಿನಗಳು ಹಿಡಿಯುತ್ತವೆ. ಅಷ್ಟು ದಿನವೂ ಅವರು ಒಬ್ಬರೇ ಕಾಯುವಂತೆ ಮಾಡಬೇಡಿ.